ಮೊದಲ ಸ್ವಿಚ್ಚು ಮನೆಯವರದು

ಬೆಳಗಿನ ಆರೂವರೆ. ಅಮೆರಿಕದ ಮಿಶಿಗನ್ ರಾಜ್ಯದ ವೆಸ್ಟ್ ಬ್ಲೂಮ್‌ಫೀಲ್ಡಿನ ಬಡಾವಣೆಯೊಂದರಲ್ಲಿ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಎಲೆಕ್ಟ್ರಿಷಿಯನ್ ನೀಲಾಂಬಿಕಾ ವ್ಯಾನಿನ ಹಿಂಬಾಗಿಲು ತೆರೆದು ಎಂಟಡಿಯ ಏಣಿಯನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಐವತ್ತನಾಲ್ಕು ವರ್ಷ, ಕಿವಿ ಮುಚ್ಚುವ ಉಣ್ಣೆ ಟೋಪಿ, ಸೊಂಟದಲ್ಲಿ ಟೆಸ್ಟರು, ಇಕ್ಕಳ. ಲೇಖನಕ್ಕೆಂದು ಜೊತೆಗೆ ಬಂದ ನಾನು ಕೈ ಜೋಡಿಸಲು ಹೋದರೆ, "ಬ್ಯಾಡ್ರಿ, ಗ್ವಾಡಿಗೆ ಬಡೀತೀರಿ ನೀವು" ಎಂದು ನನ್ನನ್ನು ದೂರ ನಿಲ್ಲಿಸುತ್ತಾರೆ.

ಬಾಗಿಲು ತೆರೆದವರು ಸಿಂಧು, ವೃತ್ತಿಯಲ್ಲಿ ವೈದ್ಯೆ. ಎಂಟು ಗಂಟೆಯವರೆಗೂ ಮನೆಯಲ್ಲೇ ಇರುವುದಾಗಿ ಒಪ್ಪಿದ್ದಾರೆ. ಒಪ್ಪಲೇಬೇಕು, ಏಕೆಂದರೆ ನೀಲಾಂಬಿಕಾ ಅವರದು ಒಂದೇ ಒಂದು ಷರತ್ತು: ಕೆಲಸ ಮುಗಿಯುವ ಹೊತ್ತಿಗೆ ಮನೆಯವರು ಯಾರಾದರೂ ಒಬ್ಬರು ಇರಬೇಕು, ಹೊಸ ದೀಪದ ಸ್ವಿಚ್ಚನ್ನು ಮೊದಲು ಅವರೇ ಒತ್ತಬೇಕು. ಎಲ್ಲರೂ ಕೆಲಸಕ್ಕೆ ಓಡುವ ಮೊದಲೇ ಸಿಗಲಿ ಎಂದು ಇವರು ಇಷ್ಟು ಬೇಗ ಬರುತ್ತಾರೆ.

ಇಲ್ಲಿನ ಮನೆಗಳದ್ದು ಒಂದು ವಿಚಿತ್ರ. ನಾಲ್ಕು ಬೆಡ್‌ರೂಮು, ಮೂರು ಕಾರಿನ ಗ್ಯಾರೇಜು, ಎಲ್ಲ ಇರುತ್ತದೆ, ಹಾಲಿನ ಛಾವಣಿಯಲ್ಲಿ ಮಾತ್ರ ದೀಪವೇ ಇರುವುದಿಲ್ಲ. ಗೋಡೆಯ ಸ್ವಿಚ್ಚು ಒತ್ತಿದರೆ ಮೂಲೆಯ ಪ್ಲಗ್ಗಿಗೆ ಕರೆಂಟು ಬರುತ್ತದೆ. ಅಲ್ಲೊಂದು ನಿಲ್ಲುವ ದೀಪ ಇಟ್ಟುಕೊಂಡು ಮಬ್ಬಿನಲ್ಲಿ ಕೂರಬೇಕು. ನಮ್ಮವರು ಎಷ್ಟೇ ವರ್ಷ ಇಲ್ಲಿದ್ದರೂ ಇದಕ್ಕೆ ಒಗ್ಗುವುದಿಲ್ಲ. ಗೃಹಪ್ರವೇಶದ ಹಾಲು ಉಕ್ಕಿಸಿದ ಮರುವಾರವೇ ನೀಲಾಂಬಿಕಾ ಅವರಿಗೆ ಫೋನು. "ತಲಿ ಮ್ಯಾಲ ಲೈಟ್ ಬೇಕ್ರಿ ನಮ್ಮ ಮಂದಿಗೆ. ಅದೂ ಟ್ಯೂಬ್‌ಲೈಟ್‌ನಂಗ ಬೆಳ್ಳಗಿರಬೇಕು. ಹಳದಿ ಹಾಕಿದ್ರ, ಯಾಕೋ ಕತ್ಲ ಕತ್ಲ ಐತಲ್ಲ ಅಂತಾರ," ಎಂದು ನಗುತ್ತಾರೆ.

ಗದಗ ಜಿಲ್ಲೆಯ ರೋಣದ ಕಡೆಯವರು. ಹುಬ್ಬಳ್ಳಿಯಲ್ಲಿ ಐಟಿಐ ಓದುವಾಗ ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಇವರೊಬ್ಬರೇ ಹುಡುಗಿ. ಮದುವೆಯಾಗಿ ಗಂಡ ಸುಶಾಂತ ಅವರ ಹಿಂದೆ ಮಿಶಿಗನ್‌ಗೆ ಬಂದರು. ಹದಿನಾಲ್ಕು ವರ್ಷದ ಹಿಂದೆ ಸುಶಾಂತ ಬೇರೆಯಾಗಿ ಟೆಕ್ಸಾಸ್‌ಗೆ ಹೋದರು. ಏನಾಯಿತು ಎಂದು ಕೇಳಿದರೆ, "ಜಗಳ ಏನಿಲ್ರಿ. ಮಾತೂ ಇರಲಿಲ್ಲ," ಎನ್ನುತ್ತಾರೆ, ಅಷ್ಟೇ. ನಲವತ್ತು ದಾಟಿದ ಮೇಲೆ ಇಪ್ಪತ್ತರ ತರುಣರ ಜೊತೆ ಅಪ್ರೆಂಟಿಸ್ ಆಗಿ ಎಂಟು ಸಾವಿರ ಗಂಟೆ ದುಡಿದು, ಪರೀಕ್ಷೆ ಬರೆದು ಲೈಸೆನ್ಸ್ ಪಡೆದರು.

ಈಗ ದಿನಕ್ಕೆ ಮೂರು ಮನೆ, ಎಪ್ಪತ್ತು ಮೈಲಿ ಡ್ರೈವ್, ನಲವತ್ತು ಸಲವಾದರೂ ಏಣಿ ಹತ್ತಿಳಿಯುವುದು. ಭಾರದ ದೀಪಕ್ಕೆ ಇಬ್ಬರು ಬೇಕು: ಒಬ್ಬರು ಹಿಡಿಯಲು, ಒಬ್ಬರು ವೈರು ಕೂಡಿಸಲು. ಇವರು ದಪ್ಪ ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ ದೀಪವನ್ನು ಅದಕ್ಕೆ ನೇತುಹಾಕಿ ಒಬ್ಬರೇ ಮುಗಿಸುತ್ತಾರೆ. ಬಲಗೈ ತಲೆಯಿಂದ ಮೇಲೆತ್ತಿದರೆ ಹೆಗಲು ಕಟಕಟ ಅನ್ನುತ್ತದೆ. "ಕೈ ನೋವು ಕೈದು ಬಿಡ್ರಿ. ಖಾಲಿ ಮನಿ ನೋವು ಬ್ಯಾರೆ," ಎನ್ನುತ್ತಾರೆ.

ಆ ಖಾಲಿ ಮನೆಗಳಿಂದಲೇ ಷರತ್ತು ಹುಟ್ಟಿದ್ದು. ಗ್ಯಾರೇಜಿನ ಬಾಗಿಲು ತೆರೆಯುವ ಕೋಡು ಮೆಸೇಜಿನಲ್ಲಿ ಬರುತ್ತದೆ. ಒಳಗೆ ಯಾರೂ ಇರುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಮೂರು ಮನೆ ಹೊಕ್ಕು ಹೊರಬಂದರೂ ಒಂದು ಮುಖ ಕಾಣದ ದಿನಗಳಿದ್ದವು. ಎರಡು ವರ್ಷದ ಹಿಂದೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಒಂದು ದೀಪ ಹಾಕಿ ಸ್ವಿಚ್ಚು ಒತ್ತಿದಾಗ, ಗೋಡೆಯ ಕ್ಯಾಮೆರಾದಿಂದ "ಲುಕ್ಸ್ ಗುಡ್, ಯು ಕ್ಯಾನ್ ಲೀವ್" ಎಂದು ದನಿ ಬಂತಂತೆ. "ನಮ್ಮೂರಾಗ ಸಂಜಿಮುಂದ ನಮ್ಮವ್ವ ಲೈಟ್ ಹಾಕಿದ್ರ, ಯಾರ್ ಏನ್ ಮಾಡ್ತಿದ್ರೂ ಬಿಟ್ಟು ಕೈ ಮುಗೀತಿದ್ವಿ. ಇಲ್ಲಿ ನಾ ಒಬ್ಬಾಕಿ ಏಣಿ ಹಿಡಕೊಂಡು ನಿಂತಿದ್ದೆ. ಅಳು ಬಂತ್ರಿ, ಅದ್ರಾಗೇನೈತಿ ನಾಚಿಕಿ." ಅಂದಿನಿಂದ ಮೊದಲ ಸ್ವಿಚ್ಚನ್ನು ಅವರು ಮುಟ್ಟಿಲ್ಲ. ದೀಪವನ್ನು ವ್ಯಾನಿನಲ್ಲೇ ಹೊತ್ತಿಸಿ ನೋಡಿರುತ್ತಾರೆ, ಛಾವಣಿಯ ವೈರನ್ನು ಮೀಟರ್ ಇಟ್ಟು ಪರೀಕ್ಷಿಸುತ್ತಾರೆ, ಉಳಿದದ್ದು ಮನೆಯವರಿಗೆ. ಇದಕ್ಕಾಗಿ ಅವರನ್ನು ಬಿಟ್ಟ ಗಿರಾಕಿಗಳೂ ಉಂಟು.

ಕಳೆದ ವರ್ಷ ನಮ್ಮ ಮನೆಗೂ ಇವರೇ ದೀಪ ಹಾಕಿದ್ದು. ಇರುತ್ತೇನೆ ಎಂದು ಮಾತು ಕೊಟ್ಟು, ಕೊನೇ ಗಳಿಗೆಯಲ್ಲಿ ಮೀಟಿಂಗ್ ಎಂದು ಕೋಡು ಕಳಿಸಿದ್ದೆ. ಲೇಖನ ಬರೆಯುವ ಉತ್ಸಾಹದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ.

ಸಿಂಧು ಅವರ ಮನೆಯಲ್ಲಿ ವೈರು ಎಳೆಯುವ ಕೆಲಸ ಹೋದ ವಾರವೇ ಮುಗಿದಿದೆ, ಇವತ್ತು ದೀಪ ತೂಗುಹಾಕಬೇಕಷ್ಟೆ. ನೆಲಮಾಳಿಗೆಗೆ ಇಳಿದು ಬ್ರೇಕರ್ ಆರಿಸಿ, ಎರಡು ಸಲ ಟೆಸ್ಟರು ಹಿಡಿದು, ಕರಿ ವೈರಿಗೆ ಕರಿ, ಬಿಳಿಗೆ ಬಿಳಿ, ತಾಮ್ರಕ್ಕೆ ತಾಮ್ರ ಕೂಡಿಸುತ್ತಿರುವಾಗ ಸಿಂಧು ಅವರ ಫೋನು ಬಡಿದುಕೊಳ್ಳುತ್ತದೆ.

"ಸಾರಿ ಆಂಟಿ, ಹಾಸ್ಪಿಟಲಿಂದ ಕಾಲ್, ಹೋಗ್ಲೇಬೇಕು. ನೀವೇ ಆನ್ ಮಾಡಿ ಒಂದು ಫೋಟೋ ಕಳ್ಸಿಬಿಡಿ, ಪ್ಲೀಸ್."

"ಹೋಗಿ ಬಾರವ್ವ, ಪಾಪ ಯಾರಿಗೆ ಏನಾಗೇತೋ," ಎನ್ನುತ್ತಾರೆ ಏಣಿಯ ಮೇಲಿಂದ ನೀಲಾಂಬಿಕಾ. ಕಾರು ಹೊರಟ ಸದ್ದು ಕೇಳಿದ ಮೇಲೆ ಮತ್ತೆ ವೈರಿನ ಕಡೆ ತಿರುಗುತ್ತಾರೆ.

ಏಳೂಮುಕ್ಕಾಲಿಗೆ ಕೆಲಸ ಮುಗಿಯುತ್ತದೆ. ಬ್ರೇಕರ್ ಹಾಕಿ ಬಂದು, ನೆಲದ ಸುಣ್ಣದ ಪುಡಿ ಒರೆಸಿ, ಸ್ವಿಚ್ಚಿನ ಮುಂದೆ ನಿಂತು ನೋಡುತ್ತಾರೆ, ಒತ್ತುವುದಿಲ್ಲ. "ಲೈಟ್ ರೆಡಿ ಐತಿ. ಸಂಜಿಗೆ ಬಂದು ನೀನ ಹಚ್ಚವ್ವ," ಎಂದು ಚೀಟಿ ಬರೆದು ಅಂಟಿಸಿ, ಮುಂದಿನ ಮನೆಗೆ ರಾಚೆಸ್ಟರ್ ಹಿಲ್ಸ್ ಕಡೆ ವ್ಯಾನು ತಿರುಗಿಸುತ್ತಾರೆ.

ದಾರಿಯಲ್ಲಿ, ನಿಮ್ಮ ಮನೆಯ ಹಾಲಿಗೆ ಎಂಥ ದೀಪ ಹಾಕಿಕೊಂಡಿದ್ದೀರಿ ಎಂದು ಸುಮ್ಮನೆ ಕೇಳುತ್ತೇನೆ.

"ಹಾಕಿಲ್ರಿ. ಆ ಮನಿಗೆ ಬಂದು ಆರು ವರ್ಷಾತು. ಮೂಲ್ಯಾಗ ಒಂದು ದೀಪ ಐತಿ, ಅದ್ರಾಗ ನಡೀತೈತಿ. ವೈರ್ ಎಳದಿಟ್ಟೀನಿ, ಹಾಕಾಕ ಒಂದ್ ತಾಸು ಸಾಕು. ಹಾಕಿದ ಮ್ಯಾಲ ಸ್ವಿಚ್ ಒತ್ತಾಕೀನೂ ನಾನ ಆಗಬೇಕಲ್ರಿ."

ಆಮೇಲೆ ಅವರೇ ಕೇಳುತ್ತಾರೆ: "ಐತಾರ ನಿಮಗ ಬಿಡುವು ಐತೇನ್ರಿ? ಊಟಾ ಮಾಡ್ಕೊಂಡು ಹೋದ್ರಾತು. ರೊಟ್ಟಿ ಬಡೀತೀನಿ."

"ಬರ್ತೀನಿ," ಎನ್ನುತ್ತೇನೆ.

ರಸ್ತೆಯಿಂದ ಕಣ್ಣು ಕೀಳದೆ ಅವರು ಕೇಳುತ್ತಾರೆ, "ಖರೇನ ಬರ್ತೀರಿ? ಬರೂದಾದ್ರ ಇವತ್ತ ಲೈಟ್ ತಗೋತೀನಿ."