ಬೂದಿ ನೋಡುತ್ತಿದ್ದ ದೊಡ್ಡಕ್ಕ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಪೀಣ್ಯದ ನಮ್ಮ ಶೆಡ್ಡಿನ ಬಾಗಿಲಿಗೆ ಹಾಜರಿ ಯಂತ್ರ ಕೂರಿಸಿದ ದಿನ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿದರು. ಹತ್ತಕ್ಕೂ ಕೆಂಪು ದೀಪವೇ ಬಂತು. ವರ್ಷಗಟ್ಟಲೆ ಗಾರೆ ಕೆಲಸದಲ್ಲಿ ಬರಿಗೈಯಲ್ಲಿ ಸಿಮೆಂಟ್ ಕಲಸಿ ಚರ್ಮ ನುಣ್ಣಗಾಗಿಬಿಟ್ಟಿತ್ತು. "ನಾ ಬಂದೀನಂತ ನೀವ ಬರ್ಕೊಳ್ರಿ ಮೇಡಂ. ಅದಕ್ಕ ನನ್ನ ಗುರ್ತ ಸಿಗವಲ್ದು" ಎಂದು ನಕ್ಕು, ಗ್ಲೌಸ್ ಹಾಕಿಕೊಂಡು ಒಳಗೆ ಹೋದರು. ಹೊಸದಾಗಿ ಸೇರಿದ್ದ ಎಂಜಿನಿಯರ್ ನಾನು. ಅವರು ಮಿಶ್ರಣ ಕಲಸುವ ಕೆಲಸದವರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ಮಾಲೀಕರೂ ಸೇರಿ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದೆವು.

ನಮ್ಮದು ಹಾರುಬೂದಿಯಿಂದ ಬೆಂಕಿ ತಡೆಯುವ ಹಲಗೆ ಮಾಡುವ ಸಣ್ಣ ಕಾರ್ಖಾನೆ. ಕಲ್ಲಿದ್ದಲು ಉರಿಸಿ ಕರೆಂಟ್ ಮಾಡುವ ಕಡೆಯಿಂದ ಬೂದಿ ಚೀಲಗಳಲ್ಲಿ ಬರುತ್ತದೆ. ಅದಕ್ಕೆ ಕ್ಷಾರದ ದ್ರಾವಣ ಬೆರೆಸಿ ಅಚ್ಚಿಗೆ ಸುರಿದು ಹದವಾದ ಬಿಸಿಯಲ್ಲಿ ಇಟ್ಟರೆ, ಸಿಮೆಂಟಿನ ಹಂಗಿಲ್ಲದೆ ಕಲ್ಲಾಗುತ್ತದೆ. ಜಿಯೋಪಾಲಿಮರ್ ಎಂದು ಅದರ ಹೆಸರು. ಲೋಹ ಕರಗಿಸುವ ಕುಲುಮೆಗಳ ಸುತ್ತ, ಕೆಲಸಗಾರರಿಗೆ ಝಳ ತಾಗದಂತೆ ಈ ಹಲಗೆಗಳನ್ನು ನಿಲ್ಲಿಸುತ್ತಾರೆ.

ದೊಡ್ಡಕ್ಕನ ಊರು ಉತ್ತರ ಕರ್ನಾಟಕದ ಒಂದು ವಿದ್ಯುತ್ ಸ್ಥಾವರದ ಮಗ್ಗುಲಲ್ಲಿತ್ತು. ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು: "ಗಾಳಿ ತಿರುಗಿತಂದ್ರ ಒಣಗಿಸಿದ ಬಟ್ಟಿ, ಕಾಸಿಟ್ಟ ಹಾಲು, ಎಲ್ಲಾದ್ರ ಮ್ಯಾಲೂ ಇದ ಬೂದಿರಿ. ನಮ್ಮವ್ವ ದಿನಾ ಬೈಕೋತ ಒರಸ್ತಿದ್ಲು. ಇಷ್ಟ ದೂರ ಬಂದ್ರ ಇಲ್ಲೂ ಅದ ಕೈಗೆ ಬಂತು ನೋಡ್ರಿ." ಹಾಗೆ ಹೇಳುವಾಗ ದನಿಯಲ್ಲಿ ಬೇಸರವಿರುತ್ತಿರಲಿಲ್ಲ. ಹಳೇ ಪರಿಚಯದವರೊಬ್ಬರು ಪರ ಊರಿನಲ್ಲಿ ಸಿಕ್ಕ ಹಾಗೆ ಹೇಳುತ್ತಿದ್ದರು.

ಹೊಸ ಚೀಲ ಬಂದರೆ ಅವರದೊಂದು ಕ್ರಮವಿತ್ತು. ಬೆರಳಿಗೆ ಸ್ಪರ್ಶ ತಿಳಿಯದ್ದರಿಂದ ಚಿಟಿಕೆ ಬೂದಿಯನ್ನು ಮುಂಗೈಯ ಒಳಮಗ್ಗುಲಿಗೆ ತಿಕ್ಕಿ ನೋಡುವರು. ಆಮೇಲೆ ಸ್ಟೀಲ್ ಲೋಟದ ನೀರಿಗೆ ಒಂದಿಷ್ಟು ಉದುರಿಸಿ, ಮೇಲೆ ಏನು ತೇಲುತ್ತದೆಂದು ಬಗ್ಗಿ ನೋಡುವರು. ಕೂಡಲೇ ಕೈ ತೊಳೆದುಕೊಳ್ಳುವರು. ನಾನು ಅದನ್ನು ಅವರ ಬರೀ ಒಂದು ರೂಢಿ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ, ಅಲ್ಯೂಮಿನಿಯಂ ಎರಕದ ಕಾರ್ಖಾನೆಯ ಯಜಮಾನರೊಬ್ಬರು ನಮ್ಮ ಹಲಗೆ ನೋಡಲು ಬಂದರು. ಹಲಗೆಯನ್ನು ನಿಲ್ಲಿಸಿ, ಮುಂಭಾಗಕ್ಕೆ ಗ್ಯಾಸ್ ಉರಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಆ ಬೂದುಬಣ್ಣದ ಮೈ ಕೆಂಡದಂತೆ ಹೊಳೆಯತೊಡಗಿತು. ನಾನು ತಾಪಮಾಪಕ ನೋಡಿ ಅಂಕಿಗಳನ್ನು ಓದುತ್ತಿದ್ದೆ. ಬಂದವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಮೂಲೆಯಲ್ಲಿ ನಿಂತಿದ್ದ ದೊಡ್ಡಕ್ಕ ಮುಂದೆ ಬಂದು, ಗ್ಲೌಸ್ ತೆಗೆದು, ಹಲಗೆಯ ಹಿಂಭಾಗಕ್ಕೆ ಅಂಗೈ ಪೂರ್ತಿ ಒತ್ತಿ ನಿಂತರು. ನಾಲ್ಕು ಬೆರಳು ದಪ್ಪದ ಬೂದಿ. ಅದರ ಆಚೆ ಕಬ್ಬಿಣ ಕೆಂಪಾಗುವಂಥ ಉರಿ, ಈಚೆ ಒಬ್ಬ ಹೆಂಗಸಿನ ಅಂಗೈ.

"ಬರ್ರಿ ಸಾಹೇಬ್ರ, ಮುಟ್ಟಿ ನೋಡ್ರಿ. ಹಾಲಿನ ಪಾತ್ರಿ ಮುಟ್ಟಿದಂಗ ಅದ, ಅಷ್ಟ" ಎಂದರು.

ಯಜಮಾನರು ಮುಟ್ಟಿದರು. ನಾನೂ ಮುಟ್ಟಿದೆ. ಎಷ್ಟೋ ಪುಟ ಓದಿ, ಪರೀಕ್ಷೆ ಬರೆದು ಪಾಸಾಗಿದ್ದ ವಿಷಯ ನನಗೆ ನಿಜವಾದದ್ದು ಆ ಗಳಿಗೆಯಲ್ಲಿ. ಅವತ್ತೇ ಆರ್ಡರ್ ಬಂತು.

ಆ ಆರ್ಡರಿನ ಅರ್ಧ ಹಲಗೆಗಳು ಸಿದ್ಧವಾಗಿದ್ದವು. ಉಳಿದರ್ಧಕ್ಕೆ ಹೊಸ ಬೂದಿ ಬಂದಾಗ ದೊಡ್ಡಕ್ಕ ಊರಿಗೆ ಹೋಗಿದ್ದರು. ಚೀಲಗಳ ಜತೆ ಬಂದ ಪರೀಕ್ಷಾ ವರದಿ ಓದಿ, ಎಲ್ಲ ಸರಿ ಇದೆ ಎಂದು ನಾನೇ ಸಹಿ ಹಾಕಿದೆ. ಕಲಸುವಾಗ ಗಟ್ಟಿ ಅನಿಸಿತೆಂದು ನೀರನ್ನೂ ಸ್ವಲ್ಪ ಹೆಚ್ಚಿಗೆ ಹಾಕಿಸಿದೆ. ಹಲಗೆಗಳು ನೋಡಲು ಚೆನ್ನಾಗಿಯೇ ಬಂದವು. ದೊಡ್ಡಕ್ಕ ವಾಪಸ್ ಬಂದ ದಿನ ಲಾರಿಗೆ ಅವನ್ನು ಏರಿಸುವ ಸಿದ್ಧತೆ ನಡೆದಿತ್ತು. ಮಿಕ್ಕಿದ್ದ ಬೂದಿಯನ್ನು ಅವರು ಲೋಟದ ನೀರಿಗೆ ಹಾಕಿದರು. ಮೇಲೆ ಕಪ್ಪು ಚುಕ್ಕಿಗಳು ತೇಲಿದವು.

"ಇದು ಪೂರ್ತಿ ಉರಿದಿಲ್ರಿ ಮೇಡಂ. ಇದ್ದಿಲು ಉಳದದ. ಅದು ನೀರು ಕುಡೀತದ. ನೀವು ನೀರು ಜಾಸ್ತಿ ಹಾಕೀರಿ ಹೌದಿಲ್ಲ?"

ನಾನು ಹೌದೆಂದು ತಲೆಯಾಡಿಸಿದೆ.

ಮಾಲೀಕರು ಗಡಿಯಾರ ನೋಡಿಕೊಂಡರು. "ರಿಪೋರ್ಟ್ ಇದ್ಯಲ್ಲ ದೊಡ್ಡಕ್ಕ. ಗಾಡಿ ಬಂದು ನಿಂತಿದೆ. ಇವತ್ತು ಕಳಿಸ್ಲಿಲ್ಲ ಅಂದ್ರೆ ನನ್ನ ಮಾತಿಗೆ ಏನು ಬೆಲೆ ಇರತ್ತೆ?"

"ಒಂದ ಹಲಗಿ ಸುಟ್ಟು ನೋಡೋಣ್ರಿ. ಅದು ನಿಂತ್ರ ನಾನ ಮುಂದ ನಿಂತು ಲಾರಿ ತುಂಬಸ್ತೀನಿ. ಅಲ್ಲಿ ಅದರ ಬಾಜೂಕ ಮಂದಿ ನಿಂತಿರ್ತಾರ."

ಮಾಲೀಕರು ನನ್ನ ಕಡೆ ತಿರುಗಿದರು. ನನ್ನ ಸಹಿ ಇದ್ದ ಕಾಗದ ನನ್ನ ಕೈಯಲ್ಲೇ ಇತ್ತು. "ಸುಡೋಣ ಸಾರ್" ಎಂದೆ.

ಹಲಗೆ ನಿಲ್ಲಿಸಿ ಉರಿ ಹಚ್ಚಿ, ಎಲ್ಲರೂ ಗೋಡೆಯ ಮರೆಗೆ ಸರಿದೆವು. ಉರಿ ಜೋರಾಗುತ್ತಿದ್ದಂತೆ ಪಟಾಕಿ ಸಿಡಿದಂಥ ಸದ್ದಾಯಿತು. ಒಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಹಲಗೆಯನ್ನೇ ಒಡೆದಿತ್ತು. ಒಂದು ಚೂರು ಶೆಡ್ಡಿನ ಆ ತುದಿಯ ತಗಡಿಗೆ ಹೋಗಿ ಬಡಿದಿತ್ತು. ಮಾಲೀಕರು ಆ ಚೂರನ್ನು ಎತ್ತಿಕೊಂಡು ನೋಡಿದರು. ಆಮೇಲೆ ಲಾರಿಯವನಿಗೆ ಹೋಗಲು ಹೇಳಿ, ಎರಕದ ಯಜಮಾನರಿಗೆ ತಾವೇ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು.

ನಾನು ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ನಿಂತೆ. ದೊಡ್ಡಕ್ಕ ಹಿಂದೆಯೇ ಬಂದರು. ಬೈಯುತ್ತಾರೆಂದುಕೊಂಡೆ. "ಕಾಗದ ಸುಳ್ಳು ಹೇಳಂಗಿಲ್ರಿ ಮೇಡಂ. ಅದು ಯಾವ್ದೋ ಚೀಲದ್ದು ಹೇಳ್ತದ. ನಿಮ್ಮ ಮುಂದಿದ್ದ ಚೀಲಾನ ನೀವ ಕೇಳಬೇಕು" ಎಂದು, ತಮ್ಮ ಲೋಟ ತೊಳೆದು ನನ್ನ ಕೈಗೆ ಕೊಟ್ಟರು. ಮರುದಿನದಿಂದ ನನಗೆ ಕಲಿಸತೊಡಗಿದರು. ಒಳ್ಳೆಯ ಬೂದಿ ಮುಂಗೈಗೆ ರೇಷ್ಮೆಯಂತೆ ಹತ್ತುತ್ತದೆ, ಒರಟು ಬೂದಿ ಉದುರಿಹೋಗುತ್ತದೆ. ನಾನು ಅದನ್ನು ಜರಡಿ, ತೂಕಗಳ ಲೆಕ್ಕಕ್ಕೆ ಹೊಂದಿಸಿ ನೋಡಿದೆ. ಅವರ ಮಾತು ತಪ್ಪಿದ್ದನ್ನು ಒಮ್ಮೆಯೂ ಕಾಣಲಿಲ್ಲ.

ಹೋದ ವರ್ಷ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಮಗಳು ಬಂದು ಊರಿಗೆ ಕರೆದುಕೊಂಡು ಹೋದಳು. ಆಸ್ಪತ್ರೆಯಿಂದ ಒಂದು ಮಧ್ಯಾಹ್ನ ಫೋನ್ ಮಾಡಿದರು. ದನಿ ಸೋತಿತ್ತು. ತಮ್ಮ ಆರೋಗ್ಯದ ಮಾತು ಮುಗಿಸಿ, "ಹೊಸ ಬೂದಿ ಹ್ಯಾಂಗ ಬಂದದ?" ಎಂದು ಕೇಳಿದರು.

"ಚೆನ್ನಾಗಿದೆ ದೊಡ್ಡಕ್ಕ."

"ನೋಡಿದ್ರೋ, ಓದಿದ್ರೋ?"

ಅವತ್ತು ಕೆಲಸದ ಗಡಿಬಿಡಿಯಲ್ಲಿ ಬರೀ ವರದಿ ಓದಿದ್ದೆ. ಆದರೂ "ನೋಡಿದೆ" ಎಂದೆ.

"ಹಂಗಾರ ಚಿಂತಿಲ್ಲ ಬಿಡ್ರಿ" ಎಂದರು. ಅದೇ ಅವರ ಕೊನೆಯ ಮಾತು ನನ್ನೊಡನೆ. ಫೋನಿಟ್ಟವಳೇ ಕೆಳಗಿಳಿದು ಹೋಗಿ, ಕಲಸುವುದನ್ನು ನಿಲ್ಲಿಸಿ, ಚೀಲ ಬಿಚ್ಚಿಸಿದೆ. ಬೂದಿ ಚೆನ್ನಾಗಿಯೇ ಇತ್ತು. ಅವತ್ತು ನೋಡಿರಲಿಲ್ಲ ಎಂದು ಅವರಿಗೆ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ನಾಲ್ಕು ದಿನ ಕಳೆದೆ. ಐದನೆಯ ದಿನ ಅವರ ಮಗಳ ಫೋನ್ ಬಂತು.

ಆಮೇಲೆ ಬಂದ ಯಾವ ಚೀಲವನ್ನೂ ನಾನು ನೋಡದೆ ಒಳಗೆ ಬಿಟ್ಟಿಲ್ಲ.