ನೀರಿನ ಮೋಟಾರಿಗಿದ್ದ ಭಾಗ್ಯ

ನನಗೆ ಒಂದು ನೀರಿನ ಮೋಟಾರಿನ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ನಗಬೇಡಿ. ಒಡವೆ ನೋಡಿ, ಸೀರೆ ನೋಡಿ, ಪಕ್ಕದ ಮನೆಯವರು ಎಬ್ಬಿಸಿದ ಮಹಡಿ ನೋಡಿ ಕರುಬುವವರಿಗೆ ಕೊನೆಯ ಪಕ್ಷ ಊರಲ್ಲಿ ನಾಲ್ಕು ಜನರ ಜೊತೆಯಾದರೂ ಇರುತ್ತದೆ. ಶಾಲೆಯ ಹಿಂದೆ, ಹೊಂಗೆ ಮರದ ಕೆಳಗೆ, ತಗಡಿನ ಮುಚ್ಚಳ ಹೊದ್ದುಕೊಂಡು ಕೂತಿರುವ ಮೋಟಾರಿನ ಮೇಲೆ ಕರುಬಿದವಳು ಇಡೀ ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಾನು ಹಲಗೂರಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ಇರುವುದು ಮದ್ದೂರಿನಲ್ಲಿ. ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಮಳವಳ್ಳಿಯಿಂದ ಆ ಹಳ್ಳಿಗೆ ಇನ್ನೊಂದು. ಹೊಸದಾಗಿ ಪರಿಚಯವಾದವರು ಊರು ಯಾವುದು ಎಂದು ಕೇಳಿ, ಮದ್ದೂರು ಎಂದ ತಕ್ಷಣ ವಡೆಯ ಕ್ಷೇಮಸಮಾಚಾರ ವಿಚಾರಿಸುತ್ತಾರೆ, ನನ್ನದು ಆಮೇಲೆ. ಹಾಗಾಗಿ ವಡೆಯ ಮೇಲೂ ನನಗೊಂದು ಸಣ್ಣ ಅಸಮಾಧಾನ ಹಿಂದಿನಿಂದಲೇ ಇತ್ತು. ಆದರೆ ಅದು ಹಳೆಯದು, ಒಳಗೇ ಆರಿಹೋದದ್ದು. ಮೋಟಾರಿನದು ಮಾತ್ರ ನಿಜವಾಗಿಯೂ ಉರಿಯಿತು.

ಎಲ್ಲ ಶುರುವಾದದ್ದು ಪ್ರತಿಭಾ ಕಾರಂಜಿಯಿಂದ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳೆಲ್ಲ ಹಾಡಿ, ಕುಣಿದು, ವೇಷ ಹಾಕಿ, ಭಾಷಣ ಬಿಗಿದು ಸ್ಪರ್ಧಿಸುವ ಆ ಸಂಭ್ರಮವನ್ನು ನೀವು ನೋಡಿರುತ್ತೀರಿ. ಮೊದಲು ಅಕ್ಕಪಕ್ಕದ ಶಾಲೆಗಳ ನಡುವೆ, ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ. ಅಂದು ಶಾಲೆಯೊಂದರ ಕೊಠಡಿಗಳೆಲ್ಲ ಒಂದೊಂದು ಲೋಕ. ಒಂದರಲ್ಲಿ ಕಂಠಪಾಠ, ಪಕ್ಕದ್ದರಲ್ಲಿ ಜಾನಪದ ನೃತ್ಯ; ನಡುವಿನ ಗೋಡೆಗೆ ಮರ್ಯಾದೆ ಎಂಬುದೇ ಇಲ್ಲ. ಮಗು ಇತ್ತ ಭಾವಗೀತೆಯ ಅತಿ ಮೆಲುವಾದ ಸಾಲಿಗೆ ಬರುವಾಗ ಅತ್ತ ತಮಟೆ ಶುರುವಾಗುತ್ತದೆ. ಜಗಲಿಯಲ್ಲಿ ಒಬ್ಬ ಪುಟ್ಟ ಭೀಮ ಮೀಸೆ ನೆನೆಯದಂತೆ ತುಟಿ ಮುಂದೆ ಚಾಚಿ ನೀರು ಕುಡಿಯುತ್ತಿರುತ್ತಾನೆ. ಕಂಠಪಾಠ, ಚರ್ಚೆ, ಪ್ರಬಂಧ ನನ್ನ ಪಾಲಿನವು. ಎರಡು ತಿಂಗಳು ಗಂಟಲು ಹರಿದುಕೊಂಡು ಮಕ್ಕಳನ್ನು ತಯಾರು ಮಾಡಿದ್ದೆ. ಆ ವರ್ಷ ನನ್ನ ಮಕ್ಕಳೆಲ್ಲ ಮೊದಲ ಮೆಟ್ಟಿಲಲ್ಲೇ ನಿಂತರು. ತಾಲ್ಲೂಕಿಗೆ ಹೋದದ್ದು ಯಾರೂ ತಯಾರು ಮಾಡದ ಒಂದೇ ಒಂದು ಹುಡುಗಿ. ಒಂಬತ್ತನೆಯ ತರಗತಿಯ ರಕ್ಷಿತಾ. ವಿಭಾಗ, ಮಿಮಿಕ್ರಿ.

ಮಳವಳ್ಳಿಯ ವೇದಿಕೆಯ ಮೇಲೆ ಅವಳು ನಿಂತಾಗ ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಅವಳು ಸಿನಿಮಾದವರ ತಂಟೆಗೇ ಹೋಗಲಿಲ್ಲ. ‘ನಮ್ ಇಸ್ಕೂಲು’ ಎಂದು ಹೇಳಿ ಶುರು ಮಾಡಿದಳು. ಮೊದಲು ಹೆಡ್‌ಮಿಸ್ಸು: ಬೀಗದ ಕೈ ಗೊಂಚಲಿನ ಸದ್ದು, ಅದರ ಹಿಂದೆಯೇ ‘ಸೈಲೆನ್ಸ್’ ಎಂಬ ಒಂದು ನಿಟ್ಟುಸಿರು. ಆಮೇಲೆ ಬಿಸಿಯೂಟದ ಸಾಕಮ್ಮ: ‘ಇನ್ನೊಂದ್ ಸೌಟು ಆಕುಸ್ಕೊ ಕಣಮ್ಮಿ, ಗಾಳಿ ಬಂದ್ರೆ ಆರೋಗ್ಬುಟ್ಟೀಯ!’ ಆಮೇಲೆ ನಮ್ಮ ಲೆಕ್ಕದ ಪುಟ್ಟರಾಜು ಮೇಷ್ಟ್ರು. ಅವರು ಸೋಮನಹಳ್ಳಿಯವರು, ಬೀಜಗಣಿತವನ್ನು ಕಳೆದುಹೋದ ಕರು ಹುಡುಕುವಂತೆ ಕಲಿಸುತ್ತಾರೆ. ‘ಎಕ್ಸ್ ಎಲ್ಲೋಯ್ತ್ಲಾ? ಈ ಕಡೆ ಇತ್ತು. ಆ ಕಡೀಕೂ ಓಗಿಲ್ಲ. ಅಂಗಾರೆ ಯಾವನ್ಲಾ ಒಡ್ಕಂಡೋದೋನು?’ ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿದ್ದ ಪುಟ್ಟರಾಜು ಮೇಷ್ಟ್ರು ನಾಚಿಕೊಂಡು, ಕರ್ಚೀಪಿನಿಂದ ಮುಖ ಒರೆಸಿಕೊಂಡು, ಹಿಂದಿನ ಸಾಲಿನವರಿಗೆಲ್ಲ ‘ಅದು ನಾನೇ ಕಣ್ರೀ’ ಎಂದು ಪರಿಚಯ ಹೇಳಿಕೊಂಡರು.

ಮುಂದಿನದು ನಾನೇ ಎಂದು ಸೆರಗು ಸರಿಮಾಡಿಕೊಂಡೆ. ಮುಂದಿನದು ಮೋಟಾರು.

ಗುರ್ರೆಂದು ಶುರುವಾಗಿ, ನೀರು ಸಿಕ್ಕಿದ ಖುಷಿಗೆ ದನಿ ಏರಿಸಿ, ಟ್ಯಾಂಕು ಇನ್ನೇನು ತುಂಬಬೇಕು ಎನ್ನುವಾಗ ಕರೆಂಟು ಹೋಗಿ ‘ಹುಶ್’ ಎಂದು ಪ್ರಾಣ ಬಿಡುವ ನಮ್ಮ ಮೋಟಾರು. ಅತ್ತ ಶಿವನಸಮುದ್ರದಲ್ಲಿ ನಮ್ಮ ಅಜ್ಜಂದಿರ ಕಾಲದಿಂದ ಕರೆಂಟು ತಯಾರಾಗುತ್ತಿದೆ. ಅಲ್ಲಿಂದ ಕೂಗಳತೆಯ ನಮ್ಮ ಶಾಲೆಗೆ ಅದು ನೆಂಟರ ಹಾಗೆ ಬಂದು ಹೋಗುತ್ತದೆ. ಆ ಸಂಕಟವೆಲ್ಲ ಆ ‘ಹುಶ್’ನಲ್ಲಿತ್ತು. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾರ್ಯಕ್ರಮ ಮುಗಿಯಿತು. ರಕ್ಷಿತಾ ಮೊದಲನೆಯವಳಾದಳು. ಮೋಟಾರಿಗೂ ಜಾಗವಿದ್ದ ಶಾಲೆಯಲ್ಲಿ ನನಗೆ ಜಾಗವಿರಲಿಲ್ಲ.

ಅರಿಷಡ್ವರ್ಗದಲ್ಲಿ ಮತ್ಸರ ಕೊನೆಯದು. ಕಾಮ, ಕ್ರೋಧ, ಲೋಭ, ಮೋಹ, ಮದ ಎಲ್ಲ ಕರೆದು ಮುಗಿದ ಮೇಲೆ, ಹಾಜರಿಯಲ್ಲಿ ಕಡೆಗೆ ಹೆಸರು ಬರುವ ಮಗುವಿನ ಹಾಗೆ ಅದು ಮೂಲೆಯಲ್ಲಿ ಕೂತಿರುತ್ತದೆ. ಉಳಿದ ಐದನ್ನು ಕಾವ್ಯಗಳಲ್ಲಿ ಬೇಕಾದಷ್ಟು ವೈಭವೀಕರಿಸಿದ್ದಾರೆ. ಕ್ರೋಧಕ್ಕೆ ಯುದ್ಧವಿದೆ, ಮೋಹಕ್ಕೆ ವಸಂತವಿದೆ, ಮದಕ್ಕೆ ಆನೆಯೇ ಇದೆ. ಮತ್ಸರಕ್ಕೆ ಮಾತ್ರ ಒಂದು ಒಳ್ಳೆಯ ವಾಹನವೂ ಇಲ್ಲ. ಸಿಟ್ಟು ಬಂದಿದೆ ಎಂದು ಸ್ಟಾಫ್ ರೂಮಿನಲ್ಲಿ ಮೇಜು ಕುಟ್ಟಿ ಹೇಳಬಹುದು. ಮೋಟಾರು ಕಂಡರೆ ಹೊಟ್ಟೆ ಉರಿಯುತ್ತಿದೆ ಎಂದು ಹೇಳುವುದು ಹೇಗೆ? ನಾನು ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದೆ.

ವಿನೋದ ಬಿಟ್ಟು ಹೇಳುವುದಾದರೆ, ನನಗೆ ನಿಜಕ್ಕೂ ನೋವಾಗಿತ್ತು. ಎಷ್ಟೋ ವರ್ಷದಿಂದ ಅದೇ ಶಾಲೆಯಲ್ಲಿ ಪದ್ಯ ಓದಿದ್ದೇನೆ. ಹಳೆಗನ್ನಡವನ್ನು ಕಲ್ಲು ಆರಿಸಿದ ಅಕ್ಕಿಯ ಹಾಗೆ ಮಾಡಿ ಬಡಿಸಿದ್ದೇನೆ. ಮಕ್ಕಳು ಪದ್ಯ ಮರೆಯಲಿ, ಅರ್ಥ ಮರೆಯಲಿ, ಓದಿದ ದನಿಯಾದರೂ ಅವರ ಕಿವಿಯ ಒಂದು ಮೂಲೆಯಲ್ಲಿ ಉಳಿದಿರುತ್ತದೆ ಎಂಬ ಧೈರ್ಯದ ಮೇಲೆ ಎರಡೆರಡು ಬಸ್ಸು ಹತ್ತಿಳಿಯುತ್ತಿದ್ದೆ. ಈಗ ನೋಡಿದರೆ ಎಂಥ ಸದ್ದನ್ನೂ ಬಿಡದೆ ಹಿಡಿಯುವ ಕಿವಿಯೊಂದು ನನ್ನನ್ನು ಕೇಳಿಯೇ ಇಲ್ಲ.

ಹಾಗಾಗಿ ನಾನು ಅನುಕರಣೆಗೆ ಯೋಗ್ಯಳಾಗಲು ಹೊರಟೆ. ಜಿಲ್ಲಾ ಮಟ್ಟಕ್ಕೆ ಇನ್ನೂ ಸಮಯವಿತ್ತು. ಒಂದು ವಾರ ಪ್ರತಿ ವಾಕ್ಯದ ಕೊನೆಗೂ ‘ಅರ್ಥಾತ್’ ಎಂದೆ. ಮಕ್ಕಳು ಅದನ್ನೂ ನೋಟ್ಸ್ ಎಂದು ಬರೆದುಕೊಂಡರು. ಮಾರನೆಯ ವಾರ ಪಾಠ ಶುರು ಮಾಡುವ ಮೊದಲು ಗಂಭೀರವಾಗಿ ಎರಡು ಸಲ ಕೆಮ್ಮುವ ಪದ್ಧತಿ ಇಟ್ಟುಕೊಂಡೆ. ಮುಂದಿನ ಬೆಂಚಿನ ಹುಡುಗಿ ಶುಂಠಿ ಪೆಪ್ಪರ್‌ಮೆಂಟು ತಂದುಕೊಟ್ಟಳು. ಮನೆಯಲ್ಲೂ ಬಾಯಿ ತಪ್ಪಿ ‘ಉಪ್ಪು ಜಾಸ್ತಿಯಾಗಿದೆ, ಅರ್ಥಾತ್’ ಎಂದಾಗ ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿ, ‘ಯಾಕೆ, ಹುಷಾರಿಲ್ವಾ?’ ಎಂದರು. ನನ್ನ ಪ್ರಯೋಗ ಅಲ್ಲಿಗೆ ನಿಂತಿತು.

ಇತ್ತ ಪುಟ್ಟರಾಜು ಮೇಷ್ಟ್ರ ಬಾಳು ಬೆಳಗಿತ್ತು. ಹಳ್ಳಿಯ ಟೀ ಅಂಗಡಿಯಲ್ಲಿ ಜನ ಅವರನ್ನು ಕಂಡರೆ ‘ಎಕ್ಸ್ ಸಿಕ್ತಾ ಸಾ?’ ಎಂದು ಕೇಳುತ್ತಿದ್ದರು. ಅವರು ಸ್ಟಾಫ್ ರೂಮಿಗೆ ಬಂದು, ‘ಏನ್ ಮಾಡೋದು ಮೇಡಂ, ಪಾಪ್ಯುಲರ್ ಆಗ್ಬುಟ್ಟಿದ್ದೀನಿ, ಟೀ ಕುಡ್ಯಕ್ಕೂ ಬುಡಲ್ಲ’ ಎಂದು ಬೇಸರ ತೋಡಿಕೊಳ್ಳುತ್ತಿದ್ದರು. ಆ ಬೇಸರದಲ್ಲಿ ಬೆಲ್ಲ ಸೋರುತ್ತಿತ್ತು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತೆ. ಆ ದಿನ ನನ್ನ ಕೈಗೆ ಸಿಕ್ಕಿದ ಮಕ್ಕಳಿಗೆ ಒಂದೊಂದು ಅಂಕ ಕಡಿಮೆಯೇ ಬಿದ್ದಿರಬೇಕು.

ಮಂಡ್ಯಕ್ಕೆ ಹೋಗುವ ಮುನ್ನಾದಿನ ಮಾನ ಮರ್ಯಾದೆ ಬಿಟ್ಟು ರಕ್ಷಿತಾಳನ್ನು ಕರೆದೆ. ‘ಎಲ್ಲರದ್ದೂ ಚೆನ್ನಾಗಿ ಮಾಡ್ತೀಯ. ಜಿಲ್ಲೆಗೆ ಹೊಸದೊಂದು ದನಿ ಸೇರಿಸಿದರೆ ಹೇಗೆ?’

‘ಯಾರ್ದು ಮಿಸ್?’

‘ಯಾರದ್ದಾದರೂ ಸರಿ. ನನ್ನದೇ ಆದರೂ ಪರವಾಗಿಲ್ಲ.’

ಅವಳು ಕಾಲಿನ ಹೆಬ್ಬೆರಳು ನೋಡಿಕೊಂಡಳು. ‘ನಿಮ್ದು ಬ್ಯಾಡ ಬುಡಿ ಮಿಸ್.’

‘ಬರಲ್ವಾ?’

‘ಬತ್ತದೆ.’ ತಲೆ ಎತ್ತಿ, ‘ಬ್ಯಾಸ್ರ ಮಾಡ್ಕಣಕಿಲ್ವಾ?’

ಬರುತ್ತದೆ ಎಂಬ ಒಂದು ಮಾತಿಗೆ ನಾನು ಅರ್ಧ ಅಡಿ ಬೆಳೆದಿದ್ದೆ. ಬೇಸರ ಯಾಕೆ ಹುಚ್ಚಿ, ಎಂದೆ. ಅವಳು ಆಣೆ ಹಾಕಿಸಿಕೊಂಡೇ ಹೋದಳು.

ಮಂಡ್ಯದ ಸಭಾಂಗಣದಲ್ಲಿ ಏಳು ತಾಲ್ಲೂಕಿನ ಮಕ್ಕಳು, ಅವರ ಹಿಂದೆ ಅವರ ಟೀಚರುಗಳು. ಬೀಗದ ಕೈ ಸದ್ದಾಯಿತು, ಸಾಕಮ್ಮ ಬಡಿಸಿದಳು, ಎಕ್ಸ್ ಕಳೆಯಿತು, ಮೋಟಾರು ಸತ್ತಿತು. ಪ್ರತಿಯೊಂದಕ್ಕೂ ನಗು. ಆಮೇಲೆ ರಕ್ಷಿತಾ, ‘ಕನ್ನಡ ಮಿಸ್ಸು’ ಎಂದು, ಕೈಯಲ್ಲಿ ಇಲ್ಲದ ಪುಸ್ತಕ ಬಿಚ್ಚಿದಳು.

ಓದತೊಡಗಿದಳು. ಅದು ನನ್ನದೇ ದನಿ. ಹಳೆಗನ್ನಡ ಸಾಲಿನ ನಡುವೆ ನಾನು ನಿಲ್ಲುವ ಜಾಗ, ಅಲ್ಲಿ ನಾನು ಎಳೆಯುವ ಉಸಿರು, ಮುಂದಿನ ಪದವನ್ನು ಕೈಹಿಡಿದು ಕರೆತರುವ ರೀತಿ, ಎಲ್ಲ ನನ್ನದೇ. ಈ ಹುಡುಗಿ ಒಂದನ್ನೂ ಬಿಟ್ಟಿರಲಿಲ್ಲ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಪದ್ಯದ ಅತಿ ಕರುಣಾಜನಕವಾದ ಸಾಲಿನ ಮಧ್ಯೆ ಅವಳ ಕತ್ತು ಮೆಲ್ಲಗೆ, ಗಡಿಯಾರದ ಮುಳ್ಳಿನಂತೆ, ಎಡಕ್ಕೆ ತಿರುಗಿತು. ಕಣ್ಣು ಕಿಟಕಿಯ ಕಡೆಗೆ ಹೋಯಿತು. ಅದೇ ಕರುಣೆಯ ದನಿಯಲ್ಲಿ, ‘ಬಸ್ಸು ಮೇಲಕ್ಕೆ ಹೋಯ್ತೇನ್ರೋ?’ ಎಂದಳು. ಮರುಕ್ಷಣ ಕತ್ತು ವಾಪಸ್ಸು ಬಂದು, ಬಿಟ್ಟ ಅಕ್ಷರದಿಂದಲೇ ಪದ್ಯ ಮುಂದುವರಿಯಿತು.

ವಿಷಯ ಹೇಳಿಬಿಡುತ್ತೇನೆ. ಕೊನೆಯ ಪೀರಿಯಡ್ಡಿನಲ್ಲಿ ನಮ್ಮ ಬಸ್ಸು ಶಾಲೆಯ ಮುಂದೆ ಹಾದು ಮೇಲಿನ ಹಳ್ಳಿಗೆ ಹೋಗುತ್ತದೆ. ಅಲ್ಲಿಂದ ತಿರುಗಿಕೊಂಡು ಶಾಲೆ ಬಿಡುವ ಹೊತ್ತಿಗೆ ವಾಪಸ್ಸು ಬರುತ್ತದೆ. ಹೋದದ್ದನ್ನು ಕಂಡರೆ ಬರುತ್ತದೆ ಎಂಬ ನೆಮ್ಮದಿ. ಕಾಣದಿದ್ದರೆ ಮಳವಳ್ಳಿ ಸೇರುವುದು ಹೇಗೆ, ಮನೆ ಮುಟ್ಟುವುದು ಯಾವಾಗ ಎಂದು ಎದೆ ಡವಡವ. ಹಾಗೆಂದು ಒಂದು ದಿನವೂ ಬೆಲ್ಲಿಗೆ ಮುಂಚೆ ಹೊರಟವಳಲ್ಲ. ಬರೀ ನೋಡುತ್ತಿದ್ದೆ, ಕೇಳುತ್ತಿದ್ದೆ. ಹಾಗೆ ಮಾಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಸಭಾಂಗಣದಲ್ಲಿ ಟೀಚರುಗಳ ಸಾಲುಗಳಿಂದ ನಗು ಎದ್ದಿತು. ಅದು ಮೋಟಾರಿಗೆ ಬಿದ್ದಂಥ ನಗುವಲ್ಲ. ಕಳ್ಳಮಾಲು ಸಮೇತ ಸಿಕ್ಕಿಬಿದ್ದವರ ನಗು. ಪಾಂಡವಪುರದ ಕಡೆಯ ಒಬ್ಬ ಟೀಚರು ಪಕ್ಕದವಳ ತೊಡೆಗೆ ಹೊಡೆದು ಹೊಡೆದು ನಕ್ಕಳು. ತೀರ್ಪುಗಾರರೂ ಮೇಷ್ಟ್ರೇ ತಾನೆ, ಅವರಿಗೂ ಬಸ್ಸುಗಳಿದ್ದವು. ಚಪ್ಪಾಳೆ ನಿಲ್ಲಲೇ ಇಲ್ಲ.

ರಕ್ಷಿತಾಳಿಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ನಾಗಮಂಗಲದ ಕಡೆಯ ಹುಡುಗನಿಗೆ. ಅವನು ಒಂದು ತೋಪಿನ ಹಕ್ಕಿಗಳನ್ನೆಲ್ಲ ಗಂಟಲಲ್ಲಿ ತುಂಬಿಕೊಂಡು ಬಂದಿದ್ದ. ವಾಪಸ್ಸು ಬರುವಾಗ ಪುಟ್ಟರಾಜು ಮೇಷ್ಟ್ರು ಬಹಳ ಹೊತ್ತು ಕಿಟಕಿಯಾಚೆ ಕಬ್ಬು ನೋಡಿದರು. ಆಮೇಲೆ, ‘ಜನ ನಿಮ್ಗೇ ಜಾಸ್ತಿ ನಕ್ರು ಕಣ್ರೀ ಮೇಡಂ’ ಎಂದರು. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ತಿಂಗಳಿನಿಂದ ಅದು ನನ್ನ ಹೊಟ್ಟೆಯಲ್ಲೇ ಬಿಡಾರ ಹೂಡಿತ್ತು. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆನೋ ಏನೋ. ಆದರೆ ನನ್ನ ಮನಸ್ಸು ಮುಂದಿನ ಸೀಟಿನಲ್ಲಿ ಬಹುಮಾನ ತಬ್ಬಿಕೊಂಡು ಕೂತ ಹುಡುಗಿಯ ಹಿಂದಿತ್ತು. ಹೋಗಿ ಪಕ್ಕದಲ್ಲಿ ಕೂತೆ.

‘ಬ್ಯಾಸ್ರ ಆಯ್ತಾ ಮಿಸ್?’

‘ಇಲ್ಲ. ಆದರೆ ಅದನ್ನೇ ಯಾಕೆ ಹಿಡಿದೆ?’

‘ನಾನೊಬ್ಳೇ ಅಲ್ಲ ಮಿಸ್, ಎಲ್ರಿಗೂ ಗೊತ್ತು. ನಮ್ಗೆ ಆ ಬಸ್ ಕಂಡ್ರೆ ಆಗಕಿಲ್ಲ.’ ಅವಳು ಬಹುಮಾನದ ರಿಬ್ಬನ್ನು ಬೆರಳಿಗೆ ಸುತ್ತಿಕೊಂಡಳು. ‘ನೀವು ಅಷ್ಟ್ ಚೆಂದಾಗ್ ಓದ್ತಿರ್ತೀರ. ನಾವು ನಿಮ್ಮುನ್ನೇ ನೋಡ್ತಿರ್ತೀವಿ. ನೀವು ನೋಡಿದ್ರೆ ಅದುನ್ನ ನೋಡ್ತೀರ.’

ಒಂದು ತರಗತಿಯಷ್ಟು ಮಕ್ಕಳು, ಒಂದಲ್ಲ, ಎಷ್ಟೋ ತರಗತಿಗಳು, ಆ ಮಣ್ಣು ಮೆತ್ತಿದ ಕೆಂಪು ಬಸ್ಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಕೂತಿದ್ದವು. ನನಗೆ ಮೋಟಾರಾದರೂ ಒಂದು ತಿಂಗಳಿನ ಸವತಿ. ಅವರ ಸವತಿ ಪ್ರತಿ ಸಂಜೆ ಹಾರ್ನ್ ಹೊಡೆದುಕೊಂಡೇ ಬರುತ್ತಿತ್ತು.

ಮಾರನೆಯ ದಿನದಿಂದ ಕಿಟಕಿಯ ಕಡೆ ನೋಡುವುದನ್ನು ಬಿಟ್ಟೆ. ಬಿಟ್ಟೆ ಎಂದರೆ ಬಿಡಲು ಹೊರಟೆ. ಅಭ್ಯಾಸವೆಂಬುದು ಕತ್ತಿನ ನರದಲ್ಲಿರುತ್ತದೆ ಎಂದು ಆಗ ಗೊತ್ತಾಯಿತು. ಬಸ್ಸು ಮೇಲಕ್ಕೆ ಹೋಗುವ ಸದ್ದಾದಾಗ ನಾನು ಕತ್ತು ಬಿಗಿಹಿಡಿದು ಪದ್ಯ ಓದಿದರೆ, ಇಡೀ ತರಗತಿ ಪದ್ಯ ಬಿಟ್ಟು ನನ್ನ ಕತ್ತನ್ನೇ ನೋಡುತ್ತಿತ್ತು. ಹೀಗೆ ಎರಡು ವಾರ ಕಳೆಯಿತು. ರಾತ್ರಿ ಗಂಡನ ಕೈಯಲ್ಲಿ ಮುಲಾಮು ಹಚ್ಚಿಸಿಕೊಂಡೆ. ನನಗೆ ನನ್ನ ಮೇಲೆ ಅಭಿಮಾನ ಬರತೊಡಗಿತ್ತು.

ಒಂದು ಸಂಜೆ ಪದ್ಯ ಮುಗಿಯುತ್ತ ಬಂದಿತ್ತು. ತಿರುವಿನ ಹತ್ತಿರ ಬಸ್ಸಿನ ಸದ್ದಾಯಿತು. ಗೇರು ಬದಲಿಸುವಾಗಿನ ಆ ನರಳಾಟ, ಸಡಿಲವಾದ ಕಿಟಕಿಗಳ ಗಡಗಡ, ಬ್ರೇಕಿನ ಕೀರಲು, ಕಡೆಗೆ ಕಂಡಕ್ಟರನ ಸೀಟಿ. ನಿಂತಿತೆಂದರೆ ವಾಪಸ್ಸೇ ಬಂದುಬಿಟ್ಟಿದೆ, ಬೆಲ್ಲು ಹೊಡೆದದ್ದೂ ನನಗೆ ಕೇಳಿಸಲಿಲ್ಲ! ಪುಸ್ತಕ ಮುಚ್ಚಿ, ಚೀಲ ಹೆಗಲಿಗೇರಿಸಿ, ಚಪ್ಪಲಿಗೆ ಕಾಲು ತೂರಿಸಿ ಬಾಗಿಲಿಗೆ ಬಂದೆ. ರಸ್ತೆ ಖಾಲಿಯಾಗಿತ್ತು. ಒಂದು ಎಮ್ಮೆ ದಾಟುತ್ತಿತ್ತು. ಹಿಂದೆ ತರಗತಿ ಉಸಿರು ಬಿಗಿಹಿಡಿದಿತ್ತು.

ತಿರುಗಿ ನೋಡಿದೆ. ಮೂರನೆಯ ಬೆಂಚಿನಲ್ಲಿ ರಕ್ಷಿತಾ ಬಾಯಿ ಒರೆಸಿಕೊಂಡಳು.

‘ಅದಿನ್ನೂ ಮೇಲಕ್ಕೇ ಓಗಿಲ್ಲ ಮಿಸ್’ ಎಂದಳು, ‘ಬಂದು ಕುತ್ಕಳಿ.’

ಬಂದು ಕೂತೆ.