ತಾನಾಗಿ ಏಳುವ ಗಾಡಿ

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೊರಡುವ ಬೆಳಗಿನ ಮೊದಲ ಬಸ್ಸಿನಲ್ಲಿ ನಾನೂ ನನ್ನ ಅಣ್ಣ ವೀರಪ್ಪನೂ ಕುಳಿತಾಗ ದೀಪಾವಳಿ ಮುಗಿದು ವಾರವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಟಿಕೆಟ್ಟು ತಲಾ ನಾಲ್ಕೂವರೆ ರೂಪಾಯಿ. ಅಣ್ಣನ ತೊಡೆಯ ಮೇಲೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಬುತ್ತಿ. ನನ್ನ ಮಡಿಲಲ್ಲಿ ಬ್ಯಾಂಕಿನಿಂದ ತೆಗೆದ ಹಣದ ಚೀಲ. ಹಳೆಯ ಕಾರೊಂದನ್ನು ಕೊಳ್ಳಲು ನಾವು ಗಂಗಾವತಿಗೆ ಹೊರಟಿದ್ದೆವು.

ನಾನು ನರ್ಸು. ಸರ್ಕಾರಿ ನೌಕರಿ ಬಿಟ್ಟು ಯಲಬುರ್ಗಾದಲ್ಲಿ ಎರಡು ಮಂಚದ ಹೆರಿಗೆ ಮನೆ ನಡೆಸುತ್ತಿದ್ದೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಚಕ್ಕಡಿಯಲ್ಲಿ ಬರುತ್ತಿದ್ದರು. ನನ್ನ ಕೈ ಮೀರಿದ್ದಾದರೆ ಕೊಪ್ಪಳದ ಆಸ್ಪತ್ರೆಗೆ ಕಳಿಸಬೇಕು. ಬಸ್ಸು ತಪ್ಪಿದರೆ ಮತ್ತೆ ಅದೇ ಚಕ್ಕಡಿ. ಹಿಂದಿನ ಬೇಸಿಗೆಯಲ್ಲಿ ಹಾಗೆ ಹೊರಟ ಒಬ್ಬಳು ಕುಕನೂರು ದಾಟುವಷ್ಟರಲ್ಲಿ ತೀರಿಕೊಂಡಳು. ಅವಳ ತಲೆ ನನ್ನ ತೊಡೆಯ ಮೇಲೆಯೇ ಇತ್ತು. ಅಂದೇ ನಿಶ್ಚಯಿಸಿದೆ, ನನಗೊಂದು ಗಾಡಿ ಬೇಕು. ಅದರ ಅಂದಚಂದ ಹೇಗಾದರೂ ಇರಲಿ, ದಾರಿಯಲ್ಲಿ ಮಾತ್ರ ನಿಲ್ಲಬಾರದು.

ಅಣ್ಣ ದನದ ವ್ಯಾಪಾರಿ. ಕುಷ್ಟಗಿ ಸಂತೆಯಲ್ಲಿ ಅವನು ಕೈಯಾಡಿಸಿ ನೋಡಿ ಒಪ್ಪಿದ ಎತ್ತನ್ನು ಜನ ಮರುಮಾತಿಲ್ಲದೆ ಹೊಡೆದುಕೊಂಡು ಹೋಗುತ್ತಿದ್ದರು. ಕಾರಿನ ಮಟ್ಟಿಗೆ ಅವನು ತೀರ ಅಮಾಯಕ. ಅದರಲ್ಲಿ ಕುಳಿತದ್ದೇ ಒಂದೆರಡು ಸಲ. ಆದರೂ ಅವನನ್ನು ಬಿಟ್ಟು ಹೊರಡಲು ನನಗೆ ಮನಸ್ಸಾಗಲಿಲ್ಲ. ಗಂಡನನ್ನು ಕಳೆದುಕೊಂಡು ಇಪ್ಪತ್ತರ ಹರೆಯದಲ್ಲಿ ತವರಿಗೆ ಬಂದವಳನ್ನು, ನೆಂಟರೆಲ್ಲ ಬೇಡವೆಂದರೂ ಹುಬ್ಬಳ್ಳಿಗೆ ನರ್ಸಿಂಗ್ ಕಲಿಯಲು ಕಳಿಸಿದವನು ಇವನೇ.

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಹುಸೇನಸಾಬ ನಮ್ಮನ್ನು ಕೂಡಿಕೊಂಡ. ಕುಷ್ಟಗಿಯವನು, ಹದಿನೈದು ವರ್ಷ ಲಾರಿ ಹೊಡೆದವನು. ನಾನು ಕೊಳ್ಳುವ ಗಾಡಿಗೆ ಡ್ರೈವರಾಗಲು ಒಪ್ಪಿದ್ದ. ಬಿಸಿ ಮಿರ್ಚಿ ಬಜ್ಜಿ ತಿನ್ನುತ್ತಲೇ ನನಗೆ ಧೈರ್ಯ ಹೇಳಿದ.

"ನೀವೇನೂ ಚಿಂತಿ ಮಾಡಬ್ಯಾಡ್ರಿ ಬಾಯಾರ. ಇಂಜಿನ್ ಸಪ್ಪಳ ಒಮ್ಮೆ ಕಿವಿಗೆ ಬಿದ್ರ ಸಾಕು, ಅದರ ಜಾತಕ ಹೇಳ್ತೀನಿ."

"ಸಪ್ಪಳ ಆಮ್ಯಾಲ," ಎಂದ ಅಣ್ಣ. "ಮೊದಲ ಅದು ಏಳೂದು ನೋಡಬೇಕು."

ಏಳುವುದೆಂದರೇನು ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಗಂಗಾವತಿ ಬಸ್ಸು ಬಂತು.

ಗಿಣಿಗೇರಾ ದಾಟಿ ಕಲ್ಲುಗುಡ್ಡಗಳು ಮುಗಿಯುತ್ತ ಬಂದಂತೆ ದಾರಿಯ ಎರಡೂ ಬದಿ ಹೊಲ ಹೋಗಿ ಗದ್ದೆ ಬಂದಿತು. ಬತ್ತ ತೆನೆ ಬಾಗಿ ನಿಂತಿತ್ತು. ನಮ್ಮ ಕಡೆಯ ಎರೆಭೂಮಿಯನ್ನಷ್ಟೇ ನೋಡಿದ ಕಣ್ಣಿಗೆ ಆ ಹಸಿರು ತಂಪೆನಿಸಿತು. ಅಣ್ಣನಿಗೆ ಮಾತ್ರ ಏನೂ ಅನಿಸಿದಂತೆ ಕಾಣಲಿಲ್ಲ. "ಇಷ್ಟ ನೀರಾಗ ತಿರುಗಿದ್ರ ಎತ್ತಿನ ಗೊರಸು ಮೆತ್ತಗಾಗ್ತಾವ," ಎಂದು ಹೇಳಿ ಕಣ್ಣು ಮುಚ್ಚಿದ.

ಹಳೆಯ ಕಾರುಗಳ ಅಂಗಡಿ ಅಕ್ಕಿ ಗಿರಣಿಗಳ ಸಾಲಿನ ತುದಿಯಲ್ಲಿತ್ತು. ತಗಡಿನ ದೊಡ್ಡ ಶೆಡ್ಡು, ಅದರ ಕೆಳಗೆ ಏಳೆಂಟು ಗಾಡಿ. ಮಾಲಕರು ನೀರಾವರಿ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರು; ಎಲ್ಲರೂ ಅವರನ್ನು ರಾವ್‌ಗಾರು ಎನ್ನುತ್ತಿದ್ದರು. ತಂಪಾದ ಗೋಲಿಸೋಡಾ ಕೊಡಿಸಿ, ಸೀದಾ ಹಾಲಿನಂಥ ಬಿಳಿ ಅಂಬಾಸಡರಿನ ಮುಂದೆ ನಮ್ಮನ್ನು ನಿಲ್ಲಿಸಿದರು. ಸೀಟಿಗೆ ಹೊಸ ಹೊದಿಕೆ, ಬಂಪರಿನಲ್ಲಿ ಮುಖ ಕಾಣುವಷ್ಟು ಹೊಳಪು. ಹುಸೇನಸಾಬ ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಗುನುಗತೊಡಗಿತು.

"ಬೆಣ್ಣಿ ಐತ್ರಿ ಬಾಯಾರ, ಬೆಣ್ಣಿ!" ಎಂದ ಹುಸೇನಸಾಬ.

ನನ್ನ ಕೈ ಆಗಲೇ ಚೀಲದ ಮೇಲೆ ಹೋಗಿತ್ತು. ಅಂಥ ಗಾಡಿಯಲ್ಲಿ ಊರು ಹೊಕ್ಕರೆ ಹೇಗಿರುತ್ತದೆ ಎಂದು ಯೋಚಿಸಿ ಒಳಗೊಳಗೇ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಅಣ್ಣ ಇಂಜಿನ್ ನಿಲ್ಲಿಸಲು ಹೇಳಿ, ಬಾನೆಟ್ ಎತ್ತಿಸಿ, ಎತ್ತಿನ ಬೆನ್ನು ಸವರುವಂತೆ ಒಳಗೆಲ್ಲ ಅಂಗೈ ಆಡಿಸಿದ. ಥಟ್ಟನೆ ಕೈ ಹಿಂದೆಗೆದ.

"ಈಗ ಚಾಲೂ ಮಾಡಿದ್ದಕ್ಕ ಇಷ್ಟ ಕಾಯೂದಿಲ್ಲ. ಕೈ ಸುಡ್ತೈತಿ. ಇದನ್ನ ನಾವು ಬರೂ ಮೊದಲ ಎಬ್ಬಿಸ್ಯಾರ."

"ಒರಿಸೋದಕ್ಕೆ ಸ್ವಲ್ಪ ಹೊರಗೆ ತಂದಿದ್ವಿ ಯಜಮಾನ್ರೆ, ಅಷ್ಟೇ," ಎಂದರು ರಾವ್‌ಗಾರು.

ಆಗ ಅಣ್ಣ ಬಿಡಿಸಿ ಹೇಳಿದ. ಸಂತೆಯಲ್ಲಿ ಜಾಣ ಮಾರಾಟಗಾರ ಮಲಗಿದ ಎತ್ತನ್ನು ಯಾರಿಗೂ ತೋರಿಸುವುದಿಲ್ಲ. ಹಿಂಗಾಲಿನಲ್ಲಿ ಊನವಿದ್ದರೆ ಎತ್ತು ಏಳುವಾಗ ಮಾತ್ರ ತಿಳಿಯುತ್ತದೆ. ಒಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರೆ ಬಿಗಿತ ಸಡಿಲಾಗಿ ಕುಂಟು ಮುಚ್ಚಿಹೋಗುತ್ತದೆ. ಅದಕ್ಕೇ ಅವನು ಮಾರುವವರ ಊರಿನಲ್ಲೇ ಉಳಿದು, ಬೆಳಗಾಗುವ ಮೊದಲೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಎತ್ತು ತಾನಾಗಿ ಏಳುವುದನ್ನು ನೋಡಿಯೇ ಮಾತಿಗೆ ಕೂಡುತ್ತಿದ್ದ.

"ನಾಳೆ ನಸಿಕಿನ್ಯಾಗ ಬರ್ತೀವ್ರಿ. ಅಲ್ಲೀತನಕ ಇದನ್ನ ಯಾರೂ ಮುಟ್ಟಬಾರದು," ಎಂದ.

"ಯಜಮಾನ್ರ, ಇದು ಮೋಟಾರ್ರಿ, ಎತ್ತಲ್ಲ," ಎಂದು ಹುಸೇನಸಾಬ ಗಹಗಹಿಸಿದ. ರಾವ್‌ಗಾರು ಮಾತ್ರ ನಗಲಿಲ್ಲ.

ನನಗೆ ಸಿಟ್ಟು ಬಂತು. ಸಂಜೆಗೆ ಬಂದುಬಿಡುತ್ತೇನೆಂದು ನೆರೆಮನೆಯಲ್ಲಿ ಹೇಳಿ, ಹೆರಿಗೆ ಮನೆಗೆ ಬೀಗ ಹಾಕಿ ಬಂದಿದ್ದೆ. ಯಾರಾದರೂ ನೋವು ತಿನ್ನುತ್ತ ಬಂದರೆ ಗತಿಯೇನು? ಅದನ್ನು ಹೇಳಿದೆ. ಅಣ್ಣ, "ತಂಗೀ, ಅಂಥಾಕಿನ್ನ ಕೂಡಿಸ್ಕೊಂಡು ಹೋಗಾಕ ಅಲ್ಲೇನ ನೀ ಗಾಡಿ ತೊಗೊಳ್ಳೂದು?" ಎಂದ. ಬಸ್ ನಿಲ್ದಾಣದ ಹತ್ತಿರ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು. ಖಾನಾವಳಿಯಲ್ಲಿ ಬರೀ ಅನ್ನದ ಊಟ; ಅಣ್ಣ ಎರಡು ಸಲ ಬಡಿಸಿಕೊಂಡು ಉಂಡು, ಮೇಲೆ ಬುತ್ತಿಯ ರೊಟ್ಟಿ ಬಿಚ್ಚಿದ.

ಮರುದಿನ ನಸುಕಿನಲ್ಲೇ ನಾವು ಹೋದಾಗ ಗದ್ದೆಗಳ ಮೇಲೆ ಮಂಜು ಕವಿದಿತ್ತು. ಕಾರುಗಳ ಗಾಜೆಲ್ಲ ಇಬ್ಬನಿ. ಅಣ್ಣ ಬಿಳಿ ಗಾಡಿಯನ್ನು ಮುಟ್ಟಿ ನೋಡಿ, ತಣ್ಣಗಿದೆಯೆಂದು ತಲೆಯಾಡಿಸಿದ. ಹುಸೇನಸಾಬ ಕೀಲಿ ತಿರುಗಿಸಿದ. ಇಂಜಿನ್ ನರಳಿತು, ಅಷ್ಟೇ. ಚೋಕ್ ಎಳೆದು ಮತ್ತೆ ತಿರುಗಿಸಿದ. ಐದಾರು ಸಲವಾದ ಮೇಲೆ ಆ ನರಳಾಟವೂ ನಿಂತಿತು. ಕೊನೆಗೆ ಅಂಗಡಿಯ ನಾಲ್ವರು ಆಳುಗಳು ತಳ್ಳಿದ ಮೇಲೆ ಅಂಗಳದ ತುದಿಯಲ್ಲಿ ಅದು ನೀಲಿ ಹೊಗೆ ಕಾರುತ್ತ ಎದ್ದಿತು.

"ಹಿಂಗಾಲು," ಎಂದ ಅಣ್ಣ.

ಬೇನೆ ತಿನ್ನುವ ಹೆಂಗಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಈ ಗಾಡಿಯನ್ನು ತಳ್ಳಲು ಜನರನ್ನು ಕೂಗುತ್ತಿರುವುದು ಕಣ್ಣಿಗೆ ಕಟ್ಟಿತು. ಹುಸೇನಸಾಬ ಕೆಳಗಿಳಿದು ಬಂದು ಅಣ್ಣನ ಎದುರು ಕಿವಿ ಹಿಡಿದುಕೊಂಡ. "ತಪ್ಪಾತ್ರಿ ಯಜಮಾನ್ರ. ಜಾತಕ ನೀವ ಹೇಳಿದ್ರಿ."

ಶೆಡ್ಡಿನ ಮೂಲೆಯಲ್ಲಿ ಬೂದಿ ಬಣ್ಣದ ಇನ್ನೊಂದು ಅಂಬಾಸಡರ್ ಇತ್ತು. ಎಡಗಡೆ ತಗ್ಗು ಬಿದ್ದಿತ್ತು, ಹಿಂದಿನ ಬಾಗಿಲನ್ನು ಜೋರಾಗಿ ಬಡಿದರಷ್ಟೇ ಹಾಕಿಕೊಳ್ಳುತ್ತಿತ್ತು, ಸೀಟು ಹರಿದಿತ್ತು. ಬೀಜದ ಅಂಗಡಿಯವರೊಬ್ಬರು ಹೊಸದು ಕೊಂಡು ಇದನ್ನು ಬಿಟ್ಟುಹೋಗಿದ್ದರಂತೆ. ಯಾರೂ ಕೇಳದ್ದರಿಂದ ಅದನ್ನು ಯಾರೂ ಎಬ್ಬಿಸಿಯೂ ಇರಲಿಲ್ಲ. ಅಣ್ಣ ಅದರ ಮೇಲೂ ಕೈಯಿಟ್ಟು, "ಇದನ್ನ ನೋಡೂಣು," ಎಂದ. ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಎದ್ದು ಒಂದೇ ಸಮನೆ ನಡೆಯಿತು. ಹುಸೇನಸಾಬ ಈ ಸಲ ಬೆಣ್ಣೆ ಎನ್ನಲಿಲ್ಲ. ಟಾರ್ಚು ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿ, ಎಣ್ಣೆಯ ಕಡ್ಡಿ ಎಳೆದು ನೋಡಿ, ಬ್ರೇಕು ಒತ್ತಿ ನೋಡಿ, ಕೊನೆಗೆ ಹೂಂ ಎಂದ.

ಅಣ್ಣನದು ಇನ್ನೂ ಮುಗಿದಿರಲಿಲ್ಲ. ಹೇರು ಹೊರಿಸಿ ಏರು ಹತ್ತಿಸದೆ ಅವನು ಯಾವ ಎತ್ತನ್ನೂ ಕೊಂಡವನಲ್ಲ. ಗಿರಣಿಯ ಐವರು ಹಮಾಲರನ್ನು ಕೂಡಿಸಿಕೊಂಡು ಆನೆಗೊಂದಿ ದಾರಿಯಲ್ಲಿ ಗುಂಡುಕಲ್ಲುಗಳ ನಡುವಿನ ಏರಿಗೆ ಹೋದೆವು. ಅಣ್ಣ ಏರಿನ ಮೇಲೆ ಬಂಡೆಯೊಂದರ ಹತ್ತಿರ ನಿಂತು, ಗಾಡಿ ಮೂರು ಸಲ ಹತ್ತಿ ಇಳಿಯುವುದನ್ನು ನೋಡಿದ. ಹಮಾಲರಿಗೆ ಜಾತ್ರೆಗೆ ಹೋದಷ್ಟು ಸಂತೋಷವಾಗಿತ್ತು. "ಇನ್ನೊಮ್ಮೆ ನೋಡ್ರಿ ಯಜಮಾನ್ರ, ಗಡಿಬಿಡಿ ಮಾಡಬ್ಯಾಡ್ರಿ," ಎಂದು ಅವರೇ ಒತ್ತಾಯ ಮಾಡಿದರು.

ವ್ಯಾಪಾರಕ್ಕೆ ಕೂತಾಗ ಒಂದು ತಮಾಷೆಯಾಯಿತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಅಣ್ಣ ಅಭ್ಯಾಸಬಲದಿಂದ ಹೆಗಲ ಟವೆಲ್ಲನ್ನು ರಾವ್‌ಗಾರ ಕೈಮೇಲೆ ಹೊದಿಸಿ ಬೆರಳು ಒತ್ತಿದ. ಇವರು ಪ್ರೀತಿಯಿಂದ ಕೈಕುಲುಕುತ್ತಿದ್ದಾರೆಂದು ಭಾವಿಸಿದ ರಾವ್‌ಗಾರು ತಾವೂ ಒತ್ತಿ ಕುಲುಕಿ, ನಗುತ್ತ ತಲೆಯಾಡಿಸಿದರು. ಅಣ್ಣ ಟವೆಲ್ ಕೊಡವಿ ಎದ್ದು, "ಮುಗೀತವ್ವಾ," ಎಂದ. ತಾವು ಎಷ್ಟಕ್ಕೆ ಒಪ್ಪಿದ್ದೆಂದು ತಿಳಿದಾಗ ಅವರ ಮುಖ ಬಾಡಿತು. ಸಂತೆಯಲ್ಲಾದರೆ ಕೈಯಲ್ಲಿ ಕೊಟ್ಟ ಮಾತು ತಿರುಗುವುದಿಲ್ಲ. ಆದರೆ ಅಣ್ಣ ಮತ್ತೆ ಕೂತ.

"ನಿಮಗ ನಮ್ಮ ಬೆರಳಿನ ಮಾತು ಗೊತ್ತಿಲ್ಲ. ಗೊತ್ತಿಲ್ಲದವರ ಕೂಡ ಹಂಗ ವ್ಯಾಪಾರ ಮಾಡಿದ್ರ ಅದು ಮೋಸ ಆಕ್ಕೈತ್ರಿ. ಬಾಯಿಲೇ ಮಾತಾಡೂಣು ಬರ್ರಿ."

ರಾವ್‌ಗಾರು ಅವನನ್ನು ಹೊಸಬನೆಂಬಂತೆ ನೋಡಿದರು. ಆಮೇಲೆ ಇಬ್ಬರೂ ಮಧ್ಯದ ಒಂದು ಬೆಲೆಗೆ ಬಂದರು. ಕಾಗದಪತ್ರ ತೆಗೆದು ಅವರು ಅಣ್ಣನನ್ನೇ ಹೆಸರು ಕೇಳಿದರು. ಅಣ್ಣ ನನ್ನತ್ತ ತೋರಿಸಿ, "ಮಾಲಕರು ಅಲ್ಲಿ ಕುಂತಾರ," ಎಂದ. ಆ ಕಾಗದಕ್ಕೆ ಸಹಿ ಹಾಕುವಾಗ ನನಗಾದ ಹೆಮ್ಮೆ ನರ್ಸಿಂಗ್ ಪಾಸಾದ ದಿನವೂ ಆಗಿರಲಿಲ್ಲ.

ಗಂಗಾವತಿ ಬಿಟ್ಟಾಗ ಹನ್ನೊಂದು. ಕೊಪ್ಪಳದಲ್ಲಿ ಉಂಡು, ಪೆಟ್ರೋಲು ತುಂಬಿಸಿ, ಕುಕನೂರು ದಾಟುವಾಗ ಮೂರು ಗಂಟೆ. ಅಣ್ಣ ಮುಂದಿನ ಸೀಟಿನಲ್ಲಿ ರುಮಾಲು ಸರಿಮಾಡಿಕೊಂಡು ಕುಳಿತಿದ್ದ. ಎದುರು ಬಂದ ಗುರುತಿನವರಿಗೆಲ್ಲ ಕೈಯೆತ್ತುತ್ತಿದ್ದ. ಊರು ಇನ್ನು ಆರೇಳು ಮೈಲಿ ಇರುವಾಗ ಎದುರಿನಿಂದ ಒಂದು ಚಕ್ಕಡಿ ಬಂತು. ಒಳಗಿನ ನರಳಿಕೆ ನನ್ನ ಕಿವಿಗೆ ಗುರುತಿನದು. ಗಾಡಿ ನಿಲ್ಲಿಸಿ ಇಳಿದೆ.

ಎತ್ತು ಹೊಡೆಯುತ್ತಿದ್ದ ಗಂಡ ನನ್ನನ್ನು ನೋಡಿ ಅತ್ತೇ ಬಿಟ್ಟ. "ನಿಮ್ಮ ಬಾಗಲಿಗೇ ಹೋಗಿದ್ವಿ ಬಾಯಾರ. ಕೀಲಿ ಹಾಕಿತ್ತು. ನಿನ್ನೆ ಸಂಜಿಗೇ ಬರತಾರಂದಿದ್ರು, ಇನ್ನೂ ಬಂದಿಲ್ಲ ಅಂತ ಬಾಜೂ ಮನಿಯವ್ರು ಅಂದ್ರು. ಕೊಪ್ಪಳಕ್ಕ ಹೊಂಟೀವಿ."

ಹತ್ತಿ ನೋಡಿದೆ. ಕೂಸು ಅಡ್ಡಲಾಗಿತ್ತು. ನನ್ನ ಎರಡು ಮಂಚದ ಮನೆಯಲ್ಲಿ ಆಗುವ ಹೆರಿಗೆಯಲ್ಲ, ಆಪರೇಷನ್ ಬೇಕು. ಆ ಚಕ್ಕಡಿ ಕೊಪ್ಪಳ ಮುಟ್ಟುವಷ್ಟರಲ್ಲಿ ಎರಡು ಜೀವವೂ ಉಳಿಯುತ್ತಿರಲಿಲ್ಲ.

ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ನಾನು ಕೆಳಗೆ ಕುಕ್ಕರಿಸಿದೆ. ಗಂಡ ಬರಲೇಬೇಕು, ಆದರೆ ಅವನು ಎತ್ತುಗಳನ್ನೂ ಹೆಂಡತಿಯನ್ನೂ ನೋಡುತ್ತ ನಿಂತೇ ಇದ್ದ. ಅಣ್ಣ ಆಗಲೇ ಮುಂದಿನ ಸೀಟಿನಿಂದ ಇಳಿದಿದ್ದ. "ನೀ ಕುಂದ್ರು. ನಿನ್ನ ಎತ್ತು ನಿನ್ನ ಮನಿಗೆ ನಾ ಮುಟ್ಟಿಸ್ತೀನಿ," ಎನ್ನುತ್ತ, ಯಾವ ಊರೆಂದು ಕೇಳಿಕೊಂಡು, ಅವನ ಕೈಯಿಂದ ಬಾರುಕೋಲು ತೆಗೆದುಕೊಂಡ. ಎರಡು ದಿನ ಅಲೆದು ಆರಿಸಿದ ಗಾಡಿಯಲ್ಲಿ ಊರು ಹೊಗುವ ಗಳಿಗೆಯನ್ನು ಅಣ್ಣ ಹಾಗೆ ಯಾರೋ ಗೊತ್ತಿಲ್ಲದವನಿಗೆ ಬಿಟ್ಟುಕೊಟ್ಟ. ಕಾರು ತಿರುಗಿಸಿದೆವು.

ಮರುದಿನ ಮುಂಜಾನೆ ಕೊಪ್ಪಳದಿಂದ ಹಿಂದಿರುಗುವಾಗ ಕುಕನೂರಿನ ಬಸ್ ನಿಲ್ಲುವ ಜಾಗದಲ್ಲಿ ಅಣ್ಣ ನಿಂತಿದ್ದ. ರಾತ್ರಿ ಅವರ ಹಳ್ಳಿಯಲ್ಲೇ ಉಳಿದು, ನಾವು ಬರುವ ದಾರಿಯೆಂದು ಇಲ್ಲಿಗೆ ನಡೆದು ಬಂದಿದ್ದ. ಧೋತರದ ತುಂಬ ಧೂಳು. ಕಿಟಕಿಗೆ ಬಗ್ಗಿ ಕೇಳಿದ್ದು ಒಂದೇ ಮಾತು.

"ಎಲ್ಲ್ಯರ ನಿಂತಿತೇನು?"

"ಎಲ್ಲೂ ನಿಲ್ಲಲಿಲ್ಲಣ್ಣ."

"ಹಂಗಾದ್ರ ಇಬ್ಬರೂ ಅದಾರ," ಎಂದು ಉಸಿರುಬಿಟ್ಟ.

ಹೌದೆಂದು ತಲೆಯಾಡಿಸಿದೆ. ಅವನು ಸುತ್ತಿ ಬಂದು ಮುಂದಿನ ಸೀಟಿನಲ್ಲಿ ಕುಳಿತು, ಗಾಜು ಪೂರ್ತಿ ಇಳಿಸಿದ.

"ಹುಸೇನಸಾಬ, ಊರಾಗ ಬಜಾರದ ದಾರಿ ಹಿಡಿ. ಸಾವಕಾಶ ಹೊಡಿ," ಎಂದ. "ಮಂದಿ ನೋಡ್ಲಿ, ನನ್ನ ತಂಗಿ ಗಾಡಿ."